ದಾಳಿಂಬೆಗೆ ಪಾಲಕರಿಲ್ಲ

ಕೆಲಸ ಬಿಡಬೇಕೆಂದು ಅಭಿಲಾಷ ನಿರ್ಧರಿಸಿದ್ದು ಒಂದು ರಾಶಿ ದಾಳಿಂಬೆಯ ಎದುರು ಕೂತಾಗ.

ಹಿಂದಿನ ವಾರ ಮಾರ್ಕೆಟ್ ಯಾರ್ಡಿನಲ್ಲಿ, ಹಣ್ಣಿನ ಸಗಟು ವ್ಯಾಪಾರಿ ಅವ್ವಣ್ಣನವರ ಮಳಿಗೆಗೆ ಹೋಗಿದ್ದ. ಚಹಾ ಬರುವವರೆಗೆ ಸುಮ್ಮನೆ ಕೂರಲಾಗದೆ ರಾಶಿಯಿಂದ ಹಣ್ಣು ಎತ್ತಿ ದೊಡ್ಡದನ್ನು ಒಂದು ಬುಟ್ಟಿಗೆ, ಸಣ್ಣದನ್ನು ಇನ್ನೊಂದಕ್ಕೆ, ಬಿರುಕು ಬಿಟ್ಟದ್ದನ್ನು ಮತ್ತೊಂದಕ್ಕೆ ಹಾಕತೊಡಗಿದ. ಚಹಾ ಬಂತು, ಆರಿತು. ಅವನು ಏಳಲಿಲ್ಲ. ಸಣ್ಣ ಬುಟ್ಟಿಗೆ ಹೋದ ಯಾವ ಹಣ್ಣೂ "ನಮ್ಮಣ್ಣ ದೊಡ್ಡ ಬುಟ್ಟಿಯಲ್ಲಿದ್ದಾನೆ, ನಾನ್ಯಾಕೆ ಇಲ್ಲಿ?" ಎಂದು ಅಳಲಿಲ್ಲ. ಯಾವ ಹಣ್ಣಿನ ಹಿಂದೆಯೂ ಅಪ್ಪ ಅಮ್ಮ ನಿಂತು, "ಸರ್, ಇವನು ಮೂಲತಃ ಸೇಬು. ಪ್ರಯತ್ನ ಸ್ವಲ್ಪ ಸಾಲದು, ಅಷ್ಟೆ" ಎನ್ನಲಿಲ್ಲ.

"ಸರ, ಚಹಾ ಆರ್ತು," ಎಂದರು ಅವ್ವಣ್ಣ.

"ಇರ್ಲಿ ಬಿಡಿ. ಈ ಕೆಲಸಕ್ಕೆ ನಿಮ್ಮಲ್ಲಿ ಯಾರಿದ್ದಾರೆ?"

"ಇದ್ದಾಂವ ಬಿಟ್ಟ ಹ್ವಾದ. ಯಾಕ್ರಿ?"

ಯಾಕೆಂದು ಅಭಿಲಾಷ ಹೇಳಿದ. ಅವ್ವಣ್ಣ ಬಹಳ ಹೊತ್ತು ಅವನ ಮುಖ ನೋಡಿದರು. ಆಮೇಲೆ ಎದ್ದು, ಕೊಳ್ಳುವ ಹಣ್ಣನ್ನು ತಿರುಗಿಸಿ ನೋಡುವವರಂತೆ, ಅವನ ಸುತ್ತ ಒಂದು ಸುತ್ತು ಬಂದರು.

"ಎಂ.ಎ. ಮಾಡೀರಲ್ಲ, ಸೈಕಾಲಜಿಯೊಳಗ?"

"ಹೌದು."

"ಗೋಲ್ಡ್ ಮೆಡಲ್ಲೂ ಅದ ಅಂತ ಕೇಳೀನಿ."

"ಅದೂ ಇದೆ."

"ಹಂಗಾದ್ರ ಬರ್ರಿ," ಎಂದರು ಅವ್ವಣ್ಣ ಖುಷಿಯಿಂದ. "ನನಗ ನಿಮ್ಮಂಥಾವ್ರೇ ಬೇಕಾಗ್ಯದ."

ದಾಳಿಂಬೆ ಆರಿಸುವುದಕ್ಕೆ ಚಿನ್ನದ ಪದಕ ಯಾಕೆ ಎಂದು ಅಭಿಲಾಷ ಕೇಳಲಿಲ್ಲ. ಮನಸ್ಸು ಸೋತವರು ಇಂಥದ್ದನ್ನೆಲ್ಲ ಕೇಳುವುದಿಲ್ಲ.

ಅಭಿಲಾಷ ಹಾಸನದವನು. ಪುಣೆಯಲ್ಲಿ, ಗುಲ್ಟೇಕಡಿಯ ಹತ್ತಿರ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ 'ವಾಟಾಡ್ಯಾ' ಎಂಬ ವೃತ್ತಿ ಮಾರ್ಗದರ್ಶನ ಕೇಂದ್ರದಲ್ಲಿ ಕೌನ್ಸೆಲರ್. ಮರಾಠಿಯ ಆ ಹೆಸರಿಗೆ ದಾರಿ ತೋರಿಸುವವನು ಎಂದು ಅರ್ಥ. ಹತ್ತನೆಯ, ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳ ಆಸಕ್ತಿ ಏನೆಂದು ಪರೀಕ್ಷಿಸಿ, ನೀನು ಇಂಥದ್ದು ಆಗಬಹುದು ಎಂದು ಹೇಳುವುದು ಕೆಲಸದ ಮೊದಲ ಭಾಗ. ನಿಮ್ಮ ಮಗ ಅದು ಬಿಟ್ಟು ಬೇರೇನೂ ಆಗಲಾರ ಎಂದು ಪಾಲಕರಿಗೆ ಹೇಳುವುದು ಎರಡನೆಯ ಭಾಗ. ಮೊದಲ ಭಾಗದಲ್ಲಿ ಯಾರಿಗೂ ಕೂದಲು ಉದುರುವುದಿಲ್ಲ.

ಅವನ ಕಷ್ಟಕ್ಕೆಲ್ಲ ಅವನ ಮುಖವೇ ಕಾರಣ. ರಸ್ತೆ ಬದಿಯ ಕೆಂಪು ಅಂಚೆಡಬ್ಬಿಯಂತೆ ಅದು. ಕಂಡವರಿಗೆಲ್ಲ ಒಳಗೆ ಏನಾದರೂ ಹಾಕಿ ಹೋಗಬೇಕೆನಿಸುತ್ತಿತ್ತು. ಅದರ ಮೇಲೆ ಕಾಲೇಜಿನಲ್ಲಿ ಕಲಿತ ಒಂದು "ಹ್ಞೂಂ…" ಬೇರೆ. ತಲೆಯನ್ನು ತುಸು ವಾಲಿಸಿ, ಮೃದುವಾಗಿ, ಕೊನೆಯನ್ನು ಎಳೆದು ಅವನು ಅದನ್ನು ಅಂದನೆಂದರೆ ಹಾಲಿನವನೂ ಕ್ಯಾನು ಕೆಳಗಿಟ್ಟು ತನ್ನ ತಮ್ಮನ ಮದುವೆಯ ಕತೆ ಶುರು ಮಾಡುತ್ತಿದ್ದ. ಬೇಡವೆಂದರೂ ಆ ಹ್ಞೂಂ ಬಿಕ್ಕಳಿಕೆಯಂತೆ ತಾನೇ ಬರುತ್ತಿತ್ತು.

ಅವ್ವಣ್ಣ ಸಿಕ್ಕಿದ್ದೂ ಹಾಗೆಯೇ. ಕಲಬುರ್ಗಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು. ಬಿ.ಎ. ಮುಗಿಸಿದ ಮಗಳು ಆರತಿಯನ್ನು ಕೇಂದ್ರಕ್ಕೆ ಕರೆತಂದಿದ್ದರು. ಅವರಿಗೆ ಮಗಳನ್ನು ವ್ಯವಹಾರ ನೋಡಲು ಮಳಿಗೆಯ ಗಾದಿಯ ಮೇಲೆ ಕೂರಿಸುವ ಆಸೆ. ಮಗಳಿಗೆ ಮುಂದೆ ಓದುವ ಆಸೆ. ಏನು ಓದಬೇಕು ಎಂದರೆ ಆರತಿ, "ಇನ್ನಾ ವಿಚಾರ ಮಾಡ್ಲಕತ್ತೀನ್ರಿ" ಎಂದಿದ್ದಳು. ಅಭಿಲಾಷ ಹ್ಞೂಂ ಎಂದಿದ್ದ. ಅವಳು ಹಗುರಾಗಿ ಎದ್ದುಹೋಗಿದ್ದಳು. ಅದರ ಉಪಕಾರಕ್ಕೆಂದೇ ಅವ್ವಣ್ಣ ಅವನನ್ನು ಚಹಾಕ್ಕೆ ಕರೆದದ್ದು.

"ಆದ್ರ ಸೋಮವಾರ ಸಂಜಿಗೆ ಬಂದಬಿಡ್ಬೇಕು ನೋಡ್ರಿ," ಎಂದು ಅವ್ವಣ್ಣ ಗಡುವು ಹಾಕಿದ್ದರು. "ಮಂಗಳವಾರದಿಂದ ಮಾಲು ಲಾರಿಗಟ್ಲೆ ಬರ್ತದ. ನೀವ್ ಬರಲಿಲ್ಲಾಂದ್ರ ಬ್ಯಾರೆಯವ್ರನ್ನ ಇಟ್ಕೊಂಬಿಡ್ತೀನಿ."

ಅಭಿಲಾಷನಿಗೂ ಅದೇ ಗಡುವು. ಮಂಗಳವಾರ ಹನ್ನೆರಡನೆಯ ತರಗತಿಯ ಫಲಿತಾಂಶ. ಅಂದಿನಿಂದ ಕೇಂದ್ರದ ಮೆಟ್ಟಿಲ ಮೇಲೆ ಪಾಲಕರು ಇರುವೆಗಳಂತೆ ಹತ್ತುತ್ತಾರೆ. ಆಮೇಲೆ ಬಿಡುತ್ತೇನೆಂದರೆ ಗಣಪತಿ ಹಬ್ಬದವರೆಗೆ ತಲೆ ಎತ್ತಲಾಗುವುದಿಲ್ಲ. ಹೋಗುವುದಾದರೆ ಸೋಮವಾರವೇ ಹೋಗಬೇಕು.

ಆ ಸೋಮವಾರ ಬಂತು.

ಕೇಂದ್ರದ ಒಡತಿ ಮಂಜರಿ ಮ್ಯಾಡಂ ಧಾರವಾಡದವರು. ಪುಣೆಗೆ ಸೊಸೆಯಾಗಿ ಬಂದವರು. ಕನ್ನಡ ಬಲ್ಲವರನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ನಾವು ನಮ್ಮೊಳಗೆ ಜಗಳವಾಡಿದರೆ ಬಂದವರಿಗೆ ತಿಳಿಯಬಾರದು ಎಂದು. ಅವರದೊಂದು ಕುರ್ಚಿಯ ನಿಯಮವಿತ್ತು. ಕೆಲಸ ಬಿಡುವ ಕೌನ್ಸೆಲರ್ ಮೊದಲು ಸಹೋದ್ಯೋಗಿಯೊಬ್ಬರ ಎದುರು, ಮಕ್ಕಳು ಕೂರುವ ಕುರ್ಚಿಯಲ್ಲಿ ಕೂತು ಮಾತಾಡಬೇಕು. ಆ ಸಹೋದ್ಯೋಗಿ ಮ್ಯಾಡಂ ಹತ್ತಿರ ಬಂದು, "ಇದು ಸಿಟ್ಟಿನಲ್ಲಿ ಅಂದದ್ದಲ್ಲ, ಇವರದೇ ಮನಸ್ಸಿನ ತೀರ್ಮಾನ" ಎಂದು ಹೇಳಬೇಕು. "ಊರಿಗೆಲ್ಲ ದಾರಿ ತೋರಿಸಿ, ನಾವು ಬಾಗಲಾ ಬಡಕೊಂಡು ಹೋದ್ರ ಚಂದ ಕಾಣೂದಿಲ್ಲ," ಎನ್ನುತ್ತಿದ್ದರು.

ಅಭಿಲಾಷ ಬೆಳಿಗ್ಗೆ ಬಂದವನೇ ನಿಖಿತಾಳ ಕೋಣೆಗೆ ಹೋಗಿ ಮಕ್ಕಳ ಕುರ್ಚಿಯಲ್ಲಿ ಕೂತ. ನಿಖಿತಾ ಬೆಂಗಳೂರಿನವಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದು, ಮನುಷ್ಯರ ಜೊತೆ ಕೆಲಸ ಮಾಡಬೇಕೆಂದು ಅದನ್ನು ಬಿಟ್ಟು ಡಿಪ್ಲೊಮಾ ಮಾಡಿ ಇಲ್ಲಿಗೆ ಬಂದವಳು.

"ವಾವ್, ಕುರ್ಚಿನಾ? ಸೀರಿಯಸ್ಸಾ ಅಭಿ?"

"ಸೀರಿಯಸ್. ಬೇಗ ಮುಗಿಸು. ನಿರ್ಧಾರ ಆಗಿದೆ, ನೀನು ಹೋಗಿ ಹೌದು ಅಂತ ಹೇಳಿದ್ರೆ ಸಾಕು."

"ಹಾಗೆಲ್ಲ ಹೇಳಕ್ಕಾಗಲ್ಲಪ್ಪ. ಪ್ರೊಸೆಸ್ ಇದೆ." ನಿಖಿತಾ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಸೋ, ಈ ಕೆಲಸದಲ್ಲಿ ನಿನಗೆ ಏನು ಮಿಸ್ ಆಗ್ತಿದೆ ಅನ್ಸತ್ತೆ?"

"ಒಂದು ಕೆಲಸ ಮುಗೀತು ಅನ್ನೋ ಸಮಾಧಾನ. ಹಣ್ಣು ಬುಟ್ಟಿಗೆ ಹಾಕಿದ್ರೆ ಅದು ಅಲ್ಲೇ ಇರುತ್ತೆ. ಮಾರನೆ ದಿನ ಎದ್ದು ಬರಲ್ಲ."

ನಿಖಿತಾ ಬರೆಯುತ್ತಿದ್ದ ಪೆನ್ನು ನಿಂತಿತು. "ಯು ನೋ, ನಂಗೂ ಒಂದೊಂದ್ಸಲ ಹಾಗನ್ಸತ್ತೆ."

ಇಲ್ಲಿ ಅಭಿಲಾಷ ಸುಮ್ಮನಿರಬೇಕಿತ್ತು. ತಲೆ ತಾನೇ ವಾಲಿತು. "ಹ್ಞೂಂ…"

ಅಣೆಕಟ್ಟೆಯ ಬಾಗಿಲು ತೆಗೆದಂತಾಯಿತು.

"ಅಲ್ಲ ಅಭಿ, ಅಲ್ಲಿ ಬಗ್ ಬಂದ್ರೆ ನಾವು ರೈಸ್ ಮಾಡ್ತಿದ್ವಿ, ಅವ್ರು ಫಿಕ್ಸ್ ಮಾಡ್ತಿದ್ರು, ಕ್ಲೋಸ್! ಇಲ್ಲಿ? ಆ ಕೋಥ್ರೂಡ್ ಆಂಟಿ ಇದ್ದಾರಲ್ಲ, ಅವ್ರ ಮಗನಿಗೆ ಡಿಸೈನ್ ಅಂತ ಕನ್ವಿನ್ಸ್ ಮಾಡಿ ಕಳಿಸ್ತೀನಿ. ಮೆಟ್ಟಿಲು ಇಳಿಯೋಷ್ಟರಲ್ಲಿ ರೀಓಪನ್! ಮೆಡಿಕಲ್ ಅಂತ ವಾಪಸ್ ಬರ್ತಾರೆ. ಮನುಷ್ಯರನ್ನ ಯಾರೂ ಟೆಸ್ಟ್ ಮಾಡಿ ರಿಲೀಸ್ ಮಾಡಿಲ್ಲ ಅಭಿ!"

"ನಿಖಿತಾ, ಇದು ನನ್ನ ಸೆಷನ್—"

"ನನ್ನ ಹಳೇ ಮ್ಯಾನೇಜರ್ ಮೊನ್ನೆ ತಾನೇ ಪಿಂಗ್ ಮಾಡಿದ್ರು. ಥ್ಯಾಂಕ್ಸ್ ಅಭಿ. ನೀನು ಒಂದೇ ಒಂದು ಅಡ್ವೈಸ್ ಕೊಡ್ಲಿಲ್ಲ ನೋಡು, ದಟ್ಸ್ ವಾಟ್ ಹೆಲ್ಪ್ಡ್." ಅವಳು ಕಣ್ಣು ಒರೆಸಿಕೊಂಡು ಎದ್ದು, ಸೀದಾ ಮ್ಯಾಡಂ ಕೋಣೆಗೆ ಹೋದಳು. ಅಭಿಲಾಷ ಅವಳ ಹಿಂದೆ ಓಡಿದ.

"ಏನವಾ?" ಎಂದರು ಮ್ಯಾಡಂ.

"ಮ್ಯಾಮ್, ನಾನು ಕೆಲಸ ಬಿಡ್ತಿದ್ದೀನಿ. ಕುರ್ಚಿ ಸೆಷನ್ ಆಯ್ತು, ಅಭಿ ಎದುರಿಗೆ."

ಮ್ಯಾಡಂ ಅಭಿಲಾಷನತ್ತ ನೋಡಿದರು. "ಖರೇನೇನೋ? ಇದು ಇಕೀ ಮನಸ್ಸಿನ ತೀರ್ಮಾನ ಏನು?"

ಸುಳ್ಳು ಹೇಳುವ ಅಭ್ಯಾಸ ಅಭಿಲಾಷನಿಗೆ ಇರಲಿಲ್ಲ. "ಹೌದು ಮ್ಯಾಡಂ," ಎಂದ.

ಹೊರಗೆ ಬರುವಷ್ಟರಲ್ಲಿ ಫೋನು. ಆರತಿ.

"ಸರ್, ಅಪ್ಪ ಕೇಳ್ಲಕತ್ತಾರ. ಸಂಜಿಗಿ ಬರ್ತೀರಲ್ಲ?"

"ಬರ್ತೀನಿ ಅಂತ ಹೇಳಮ್ಮ. ಸಣ್ಣ ಕೆಲಸ ಒಂದಿದೆ."

"ಸರ್…" ಆರತಿ ದನಿ ತಗ್ಗಿಸಿದಳು. "ಖರೇನ ಬಿಡ್ತೀರೇನ್ರಿ?"

"ಖರೇನೇ."

"ಅಯ್ಯ," ಎಂದಳು ಆರತಿ. ಫೋನು ಇಟ್ಟಳು.

ಉಳಿದವರು ರಾಜೀವ. ಕೇಂದ್ರದ ಹಿರಿಯ ಕೌನ್ಸೆಲರ್, ಸೋಲಾಪುರದ ಕಡೆಯವರು, ತುಂಬು ಮೀಸೆ, ತುಂಬು ದನಿ. ಇವರು ಅಳುವ ಜಾತಿಯಲ್ಲ ಎಂಬ ಧೈರ್ಯ ಅಭಿಲಾಷನಿಗೆ. ಆದರೂ ಜಾಗ್ರತೆಗೆಂದು ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡ. ಬಾಯಿ ಮುಚ್ಚಿಯೇ ಇರಲಿ ಎಂದು.

"ಬಾರೋ ದೋಸ್ತ, ಕೂಡು," ಎಂದರು ರಾಜೀವ. "ನಿಖಿತಾ ಹೋದ್ಲಂತಲ್ಲ? ನೀನ ಕಳಿಸಿದ್ಯಂತ?"

ಅಭಿಲಾಷ ಇಲ್ಲವೆಂದು ತಲೆ ಅಲ್ಲಾಡಿಸಿದ. ಆಮೇಲೆ ತನ್ನ ವಿಷಯವನ್ನು ಚುಟುಕಾಗಿ ಹೇಳಿದ. ರಾಜೀವ ಮೀಸೆ ತಿರುವುತ್ತ ಕೇಳಿದರು. ಎಲ್ಲ ಸರಿಯಾಗಿಯೇ ನಡೆದಿತ್ತು.

"ಛಲೋ ಆತು. ನಿನ್ನ ಮನಸ್ಸು ಗಟ್ಟಿ ಅದ, ಮ್ಯಾಡಂ ಮುಂದ ಹೇಳ್ತೀನಿ ನಡಿ." ರಾಜೀವ ಎದ್ದೇಬಿಟ್ಟರು. ಬಾಗಿಲವರೆಗೂ ಹೋದರು. ಅಲ್ಲಿ ಕಿಟಕಿಯಾಚೆ ಒಂದು ಬಸ್ಸು ದೊಡ್ಡದಾಗಿ ಹಾರ್ನ್ ಹೊಡೆದು ಹೋಯಿತು. ರಾಜೀವ ನಿಂತರು.

"ಸಾತಾರಾದ್ದು," ಎಂದರು. "ಕಾತ್ರಜ ಘಾಟ ದಾಟಿ ಹೋಗ್ತದ."

ಅಭಿಲಾಷ ಏಲಕ್ಕಿಯನ್ನು ಗಟ್ಟಿಯಾಗಿ ಕಚ್ಚಿದ.

"ಸಣ್ಣಾಂವ ಇದ್ದಾಗ ನಾ ಡ್ರೈವರ್ ಆಗ್ಬೇಕಂತ ಇದ್ದೆ," ಎಂದರು ರಾಜೀವ, ಬಸ್ಸು ಹೋದ ದಿಕ್ಕನ್ನೇ ನೋಡುತ್ತ. "ಅಪ್ಪ ಬೆನ್ನಾಗ ಎರಡ ಬಿಟ್ಟು ಬಿ.ಎಡ್.ಗೆ ಹಚ್ಚಿದ."

ಅಭಿಲಾಷ ಉಸಿರು ಹಿಡಿದ. ಮುಖ ಕೆಂಪಾಯಿತು. ಏಲಕ್ಕಿಯ ಸಿಪ್ಪೆ ಗಂಟಲಿಗೆ ಹೋಯಿತು. ಕೆಮ್ಮು ತಡೆಯಲು ಹೋದಾಗ ಮೂಗಿನಿಂದ ಬಂದದ್ದು ಇನ್ನೇನೂ ಅಲ್ಲ:

"ಹ್ಞೂಂ…"

ರಾಜೀವ ತಿರುಗಿ ಬಂದು ಕುರ್ಚಿ ಎಳೆದುಕೊಂಡರು. ಅದೂ ಮಕ್ಕಳ ಕುರ್ಚಿ.

"ನೋಡು ದೋಸ್ತ, ಇಲ್ಲಿ ನಾ ಇಷ್ಟ ವರ್ಷ ಹೇಳ್ಕೊಂತ ಬಂದೆ. ಯಾರರೆ ಸರದಾರೇನು? ಒಬ್ಬರೂ ಸರದಿಲ್ಲ. ಅಲ್ಲಿ ಒಂದ ಹಾರ್ನ್ ಹೊಡದ್ರ ಟ್ರಕ್ ಸರೀತದೋ! ಪ್ಯಾಸೆಂಜರ್ ಬಂದು, 'ಡ್ರೈವರ್ ಸಾಹೇಬ್ರ, ನಾ ಸಾತಾರಾಕ್ಕ ಹೋಗ್ಬೇಕೋ ನಾಸಿಕಕ್ಕ ಹೋಗ್ಬೇಕೋ, ನೀವ ಹೇಳ್ರಿ' ಅಂತ ಕೇಳ್ತಾನೇನು? ಬೋರ್ಡ್ ನೋಡ್ಕೊಂಡ ಹತ್ತತಾನ. ಎಷ್ಟ ಶಾಣ್ಯಾ ಮಂದಿ!"

"ಸರ್, ನನ್ನ ವಿಷಯ…"

"ನಮ್ಮ ಭಾವನ ಟೂರಿಸ್ಟ್ ಬಸ್ ಅದಾವ. ಲೈಸನ್ಸ್ ನಾ ಎಂದೋ ಮಾಡ್ಸಿ ಇಟ್ಟೀನಿ, ಮನಿಯಾಗ ಹೇಳಿಲ್ಲ. ಬಾ, ಮ್ಯಾಡಂ ಕಡೆ ಹೋಗೂಣು. ನೀ ಸಾಕ್ಷಿ."

ಮಧ್ಯಾಹ್ನದ ಊಟದ ಹೊತ್ತಿಗೆ ರಾಜೀವ ಎಲ್ಲರಿಗೂ ಪೇಢೆ ಹಂಚಿ, ಮೆಟ್ಟಿಲು ಇಳಿಯುವಾಗ ಬಾಯಲ್ಲೇ ಬಸ್ಸಿನ ಗೇರು ಬದಲಿಸುತ್ತ ಹೋದರು. ಎಲ್ಲರೂ ಅಂದರೆ ಅಭಿಲಾಷ ಮತ್ತು ಮ್ಯಾಡಂ. ಬೇರೆ ಯಾರೂ ಉಳಿದಿರಲಿಲ್ಲ.

ಆರತಿಯ ಫೋನು ಮತ್ತೆ ಬಂತು. "ಸರ್, ಅಪ್ಪ ತಕ್ಕಡಿ ಹತ್ರ ನಿಮಗ ಒಂದ್ ಸ್ಟೂಲ್ ಹಾಕ್ಸ್ಯಾರ. ಎಲ್ಲಾರಿಗೂ ಕಾಣೋ ಹಂಗ."

"ಬಂದೆ ಬಂದೆ," ಎಂದ ಅಭಿಲಾಷ.

ಸಾಕ್ಷಿ ಹೇಳುವವರಿಲ್ಲದೆ ರಾಜೀನಾಮೆ ಕೊಡುವುದು ಹೇಗೆಂದು ಬಹಳ ಹೊತ್ತು ಯೋಚಿಸಿದ. ನೀರು ಕುಡಿದ. ಕನ್ನಡಿಯ ಮುಂದೆ ನಿಂತು ತಲೆ ವಾಲದಂತೆ ಕೊರಳನ್ನು ಬಿಗಿ ಹಿಡಿದು ನಡೆಯುವುದನ್ನು ಅಭ್ಯಾಸ ಮಾಡಿದ. ಕೊನೆಗೆ ಮ್ಯಾಡಂ ಕೋಣೆಯ ಬಾಗಿಲು ತಟ್ಟಿದ.

ಮ್ಯಾಡಂ ಕಿಟಕಿಯ ಹತ್ತಿರ ನಿಂತಿದ್ದರು. ಗೋಡೆಯ ಮೇಲೆ ಅವರ ಗಂಡನ ಫೋಟೊ ಇತ್ತು, ಅದಕ್ಕೆ ಗಂಧದ ಹಾರ. ಕೇಂದ್ರ ಕಟ್ಟಿದವರು ಅವರು.

"ನೀನೂ ಏನು?" ಎಂದರು ಮ್ಯಾಡಂ, ತಿರುಗದೆಯೇ.

"ಮೊದಲು ಹೊರಟವನೇ ನಾನು ಮ್ಯಾಡಂ. ಅವರು ನಡುವೆ ನುಗ್ಗಿದರು."

"ಕುರ್ಚಿ ನಿಯಮ?"

"ಎದುರು ಕೂರೋದಕ್ಕೆ ಯಾರೂ ಉಳಿದಿಲ್ಲ."

"ನಾ ಇದ್ದೀನಲ್ಲ. ಕೂಡು." ಮ್ಯಾಡಂ ಬಂದು ಎದುರು ಕೂತರು. "ಎಲ್ಲಿಗೆ ಹೊಂಟೀ?"

ಅಭಿಲಾಷ ಕೊರಳು ಬಿಗಿ ಹಿಡಿದೇ ಹೇಳಿದ. ಮಾರ್ಕೆಟ್ ಯಾರ್ಡು. ಗೇಟಿನಿಂದ ಬಲಕ್ಕೆ, ಅವ್ವಣ್ಣನವರ ಮಳಿಗೆ. ದಾಳಿಂಬೆ. ಹೇಳುತ್ತ ಹೇಳುತ್ತ ಅವನಿಗೇ ಗೊತ್ತಿಲ್ಲದೆ ದನಿ ಮೆತ್ತಗಾಯಿತು. ಬೆಳಗಿನ ತಂಪಿನಲ್ಲಿ ಹಣ್ಣಿನ ರಾಶಿ ಹೇಗಿರುತ್ತದೆ, ಸಿಪ್ಪೆಯ ಮೇಲೆ ಕೈಯಾಡಿಸಿದರೆ ಒಳಗಿನ ಕಾಳು ಹೇಗೆ ತಿಳಿಯುತ್ತದೆ, ಎಲ್ಲ ಹೇಳಿದ.

"ಅಲ್ಲಿ ಪಾಲಕರ ಮೀಟಿಂಗ್ ಇರ್ತದೇನು?" ಎಂದರು ಮ್ಯಾಡಂ.

"ದಾಳಿಂಬೆಗೆ ಪಾಲಕರಿಲ್ಲ ಮ್ಯಾಡಂ."

"ಫೋನ್ ಬರ್ತಾವೇನು?"

"ಅದೆಲ್ಲ ಅವ್ವಣ್ಣ ನೋಡ್ಕೋತಾರೆ."

"ಕೆಟ್ಟ ಹಣ್ಣು ಬಂದ್ರ?"

"ಪಕ್ಕಕ್ಕೆ ಇಡೋದು."

"ಅಷ್ಟ?"

"ಅಷ್ಟೇ."

"ಅದಕ್ಕ ಏನೂ ಸಮಾಧಾನ ಹೇಳಬೇಕಾಗಿಲ್ಲ?"

"ಏನೂ ಇಲ್ಲ."

ಮ್ಯಾಡಂ ಸ್ವಲ್ಪ ಹೊತ್ತು ಮೇಜಿನ ಮೇಲಿನ ಗಾಜನ್ನು ಬೆರಳಿನಿಂದ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

"ಇವ್ರು ಹೋದಾಗ," ಎಂದರು, "ಕರ್ಮ ಮುಗದ ಮರುದಿನ ಎಲ್ಲಾರೂ ಬಂದು ಕೂತ್ರು. ಕೇಂದ್ರ ನೀನ ನಡಸು, ಅವ್ರ ಹೆಸರು ಉಳೀತದ ಅಂದ್ರು. ನಾ ಆಗ್ಲಿ ಅಂದೆ. ಆಗ ಯಾರು ಏನ್ ಕೇಳಿದ್ರೂ ಆಗ್ಲಿ ಅಂತಿದ್ದೆ. ಅನ್ನ ಹಾಕ್ಲ್ಯಾ? ಆಗ್ಲಿ. ದೀಪ ಆರಿಸ್ಲ್ಯಾ? ಆಗ್ಲಿ. ಅದರಾಗ ಇದಕ್ಕೂ ಆಗ್ಲಿ ಅಂದುಬಿಟ್ಟೆ."

ಅಭಿಲಾಷ ಹ್ಞೂಂ ಅನ್ನಲಿಲ್ಲ. ಅಂದರೆ ಏನಾಗುತ್ತದೆಂದು ಈ ಹೊತ್ತಿಗೆ ಅವನಿಗೆ ತಿಳಿದಿತ್ತು. ಏನಾದರೂ ಬೇರೆ ಹೇಳಿ ಮಾತು ತಪ್ಪಿಸಬೇಕೆಂದು ಬಾಯಿ ತೆರೆದ. ವೃತ್ತಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿ ಕೇಳಿ ನಾಲಿಗೆಗೆ ಅಂಟಿಕೊಂಡಿದ್ದ ಮಾತೇ ಹೊರಗೆ ಬಂತು:

"ನಿಮಗೆ ಏನು ಇಷ್ಟ ಮ್ಯಾಡಂ?"

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ. ಆದರೆ ಮ್ಯಾಡಂ ಅಳಲಿಲ್ಲ, ಕತೆ ಹೇಳಲಿಲ್ಲ. ಹೊಸದಾಗಿ ಪರಿಚಯವಾದವರನ್ನು ನೋಡುವಂತೆ ಅವನನ್ನು ನೋಡಿದರು.

"ಅಗದಿ ಒಳ್ಳೆ ಪ್ರಶ್ನೆ," ಎಂದರು. "ನಿನ್ನ ಮನಸ್ಸು ಗಟ್ಟಿ ಅದ. ನೀ ಹೋಗು, ನಾ ತಡೆಯೂದಿಲ್ಲ."

ಅಭಿಲಾಷನಿಗೆ ನಂಬಿಕೆಯಾಗಲಿಲ್ಲ. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಒಂದ ಕೆಲ್ಸ ಮಾಡಿ ಹೋಗು. ಹೊರಗ ಒಂದು ಕುಟುಂಬ ಬಂದು ಕೂತದ. ನಾಳೆ ರಿಜಲ್ಟ್ ಅಂತ ಅಂಜಿ ಬಂದಾರ. ಕಡೀದು ಇದೊಂದು ನೋಡು. ನಾ ಸ್ವಲ್ಪ ಹೊರಗ ಹೋಗಿ ಬರ್ತೀನಿ."

ಇಷ್ಟು ಧಾರಾಳವಾಗಿ ಬಿಟ್ಟುಕೊಟ್ಟವರಿಗೆ ಇಲ್ಲವೆನ್ನುವುದು ಹೇಗೆ? ಹೊರಗೆ ತಮ್ಮಯ್ಯ, ತಾಯಮ್ಮ ಮತ್ತು ಅವರ ಮಗ ಮಧುಕರ್ ಕೂತಿದ್ದರು. ತಮ್ಮಯ್ಯ ಮಂಡ್ಯದ ಕಡೆಯವರು, ಚಾಕಣದ ಕಾರ್ಖಾನೆಯಲ್ಲಿ ಕೆಲಸ.

"ಸಾ, ನಮ್ಮುಡ್ಗ ಇಂಜಿನೇರ್ ಆಗ್ಬೇಕು ಸಾ," ಎಂದರು ತಮ್ಮಯ್ಯ.

"ಸುಮ್ಕಿರಿ. ಡಾಕ್ಟ್ರು," ಎಂದರು ತಾಯಮ್ಮ.

"ಚಾಕಣದಲ್ಲಿ ಡಾಕ್ಟ್ರುಗೆ ಏನ್ ಕೆಲ್ಸವೇ?"

"ನಿಮ್ ಬಿಪಿ ನೋಡಕ್ಕೆ!"

"ನೀನೇನು ಹೇಳ್ತೀಯಪ್ಪ?" ಎಂದು ಅಭಿಲಾಷ ಮಧುಕರನನ್ನು ಕೇಳಿದ. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ನಂಗೆ ಯಾರೂ ಇಲ್ಲದಿರೋ ಕೆಲಸ ಬೇಕು ಸರ್," ಎಂದ ಮಧುಕರ್. "ಲೈಟ್‌ಹೌಸ್ ಥರ."

"ಅಂಗಂದ್ರೆ ಯಾವ ಬ್ರಾಂಚು ಸಾ?" ಎಂದರು ತಮ್ಮಯ್ಯ. ತಾಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳತೊಡಗಿದರು. ಅವರನ್ನು ಸಮಾಧಾನ ಮಾಡಿ, ದೀಪಸ್ತಂಭ ಚಾಕಣದ ಹತ್ತಿರ ಇಲ್ಲವೆಂದು ಒಪ್ಪಿಸಿ, ಎದುರಿನ ಹುಡುಗನನ್ನು ಒಳಗೊಳಗೇ ಮೆಚ್ಚಿಕೊಂಡು, ಮೂವರನ್ನೂ ಕಳಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮ್ಯಾಡಂ ಇನ್ನೂ ಬಂದಿರಲಿಲ್ಲ. ಅಭಿಲಾಷ ಬಾಗಿಲು ಎಳೆದುಕೊಂಡು ರಸ್ತೆಗೆ ಓಡಿ ರಿಕ್ಷಾ ಹಿಡಿದ.

ರಿಕ್ಷಾದವನು ಕನ್ನಡಿಯಲ್ಲಿ ಅವನ ಮುಖ ಕಂಡವನೇ, "ಸಾಹೇಬ, ಮಾಝಾ ಮುಲ್ಗಾ…" ಎಂದು ತನ್ನ ಮಗನ ಸುದ್ದಿ ತೆಗೆದ. ಅಭಿಲಾಷ ಕರವಸ್ತ್ರದಿಂದ ಬಾಯಿ ಕಟ್ಟಿಕೊಂಡು ಕಣ್ಣು ಮುಚ್ಚಿದ. ಜೀವನದಲ್ಲಿ ಮೊದಲ ಸಲ ಒಬ್ಬರ ಕತೆ ಅರ್ಧಕ್ಕೆ ನಿಂತಿತು. ಎಷ್ಟು ಹಾಯೆನಿಸಿತೆಂದರೆ, ಇಳಿದಾಗ ಚಿಲ್ಲರೆ ಕೇಳುವುದನ್ನೂ ಮರೆತ.

ಯಾರ್ಡಿನ ಗೇಟಿನಿಂದ ಬಲಕ್ಕೆ ಅವ್ವಣ್ಣನವರ ಮಳಿಗೆ. ತಕ್ಕಡಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಸ್ಟೂಲು ಇತ್ತು. ಅದರ ಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು ಮಂಜರಿ ಮ್ಯಾಡಂ ಕೂತಿದ್ದರು. ಸುತ್ತ ಬುಟ್ಟಿಗಳು. ಅವರ ಕೈ ಚುರುಕಾಗಿ ಓಡಾಡುತ್ತಿತ್ತು. ಅಷ್ಟು ಶಾಂತವಾದ ಮುಖವನ್ನು ಅವನು ಕೇಂದ್ರದಲ್ಲಿ ಒಂದು ದಿನವೂ ಕಂಡಿರಲಿಲ್ಲ.

"ಮ್ಯಾಡಂ!"

"ಬಂದ್ಯಾ?" ಎಂದರು ಮ್ಯಾಡಂ, ಹಣ್ಣಿನಿಂದ ಕಣ್ಣು ತೆಗೆಯದೆ. "ನೀ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ತು ನೋಡಪಾ. ಇದ ಇಷ್ಟ ನನಗ."

"ಆದ್ರೆ ಇದು ನನ್ನ ಕೆಲಸ ಮ್ಯಾಡಂ! ನಾನು ರಾಜೀನಾಮೆ ಕೊಟ್ಟು ಬಂದಿದ್ದೀನಿ!"

"ಯಾರಿಗೆ ಕೊಟ್ಟೀ?"

"ನಿಮಗೆ!"

"ನಾ ಈಗ ಅಲ್ಲಿ ಇಲ್ಲಲ್ಲಪಾ. ಕೇಂದ್ರ ಇನ್ನ ಮ್ಯಾಲೆ ನಿಂದು. ಪಾಲಕರ ವಾಟ್ಸಾಪ್ ಗ್ರೂಪಿನ್ಯಾಗ ಹಾಕೀನಿ, ನಾಳಿಂದ ಎಲ್ಲಾರೂ ಅಭಿಲಾಷ ಸರ್ ಹತ್ರ ಬರ್ರಿ ಅಂತ. ರಾಜೀನಾಮೆ ಕೊಡೂದಿದ್ರ ಈಗ ನಿನಗ ನೀನ ಕೊಟ್ಕೋಬೇಕು."

ಅಭಿಲಾಷನ ಜೇಬಿನಲ್ಲಿ ಫೋನು ಹುಳುವಿನಂತೆ ಗುಂಯ್‌ಗುಟ್ಟುತ್ತಲೇ ಇತ್ತು. ಅಭಿನಂದನೆಗಳು. ಅವನು ಅವ್ವಣ್ಣನವರತ್ತ ತಿರುಗಿದ.

"ಅವ್ವಣ್ಣನವ್ರೇ, ಇದು ಅನ್ಯಾಯ. ಸಂಜೆವರೆಗೆ ಟೈಮ್ ಕೊಟ್ಟಿದ್ರಿ. ನಾನು ಬಂದಿದ್ದೀನಿ. ಇಬ್ಬರನ್ನೂ ಇಟ್ಕೊಳ್ಳಿ."

ಅವ್ವಣ್ಣ ಖುಷಿಯಾಗಿ ಕಾಣಲಿಲ್ಲ. ಹಣ್ಣಿನ ಖಾಲಿ ಪೆಟ್ಟಿಗೆಯೊಂದರ ಮೇಲೆ, ತಲೆಯ ಮೇಲೆ ಟವೆಲು ಹಾಕಿಕೊಂಡು ಕುಕ್ಕರಿಸಿದ್ದರು.

"ಏನ್ ಹೇಳ್ಲಿ ಸರ. ನಿಮಗ ಹಣ್ಣ ಆರಿಸ್ಲಾಕ ಬರ್ತದೋ ಇಲ್ಲೋ ನಾ ಅವತ್ತ ಲಕ್ಷ್ಯಾನೇ ಕೊಟ್ಟಿಲ್ಲ. ಖರೇ ಹೇಳ್ಬೇಕಂದ್ರ ನನ್ನ ಮಗಳಿಗಿ ನಿಮ್ಮನ್ನ ತೋರಿಸೋದಿತ್ತು."

"ನನ್ನನ್ನಾ?"

"ನೋಡ್ರಿ, ಅವತ್ತ ನಿಮ್ಮ ಕಡಿಂದ ಮನೀಗ್ ಬಂದಕೀನೇ 'ಅಪ್ಪ, ನಾನೂ ಸೈಕಾಲಜಿ ಓದ್ತೀನಿ, ಅವ್ರಂಗ ಕೌನ್ಸೆಲರ್ ಆಗ್ತೀನಿ' ಅಂತ ಹಟ ಹಿಡದ್ಲು. ಎಷ್ಟ ಹೇಳಿದ್ರೂ ಕೇಳವಲ್ಲಳು. ನೀವಾಗೇ ಬಂದು ಕೆಲ್ಸ ಕೇಳ್ದಾಗ ದೇವ್ರೇ ಕಳಿಸ್ಯಾನಂತ ತಿಳ್ಕೊಂಡೆ. ಗೋಲ್ಡ್ ಮೆಡಲ್ಲಿನವ್ರನ್ನ ಇಲ್ಲಿ ಸ್ಟೂಲ್ ಮ್ಯಾಲ ಕೂಡ್ಸಿ, 'ನೋಡವ್ವ, ಸೈಕಾಲಜಿ ಓದ್ದವ್ರು ಕಡೀಗಿ ಇಲ್ಲೇ ಬರ್ತಾರ. ನೀ ಸೀದಾ ಬಂದ್ಬಿಡು' ಅಂತ ಹೇಳೋದಿತ್ತು."

ಅಭಿಲಾಷ ಸ್ಟೂಲಿನತ್ತ ತಿರುಗಿ ನೋಡಿದ.

"ಅಷ್ಟೊತ್ತಿಗಿ ಈ ಮ್ಯಾಡಂ ಬಂದ್ರು. ಕೇಂದ್ರದ ಡೈರೆಕ್ಟರೇ! ಸಾದಾ ಕೌನ್ಸೆಲರ್ ಬದ್ಲಿ ಡೈರೆಕ್ಟರೇ ಸಿಕ್ರು ಅಂತ ಕುಣಕೋತ ಕೂಡ್ಸಿದೆ. ಮಗಳನ್ನ ಕರ್ದು ತೋರ್ಸಿದೆ."

"ಅವಳೇನಂದಳು?"

ಅವ್ವಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು. "ಅಕೀನೇ ಕೇಳ್ರಿ."

ಗಾದಿಯ ಹಿಂದಿನಿಂದ ಆರತಿ ಓಡಿ ಬಂದಳು. ಹೊಸ ಚೂಡಿದಾರ, ಹೆಗಲಿಗೆ ಚೀಲ, ಕಣ್ಣಲ್ಲಿ ಹೊಳಪು.

"ಸರ್, ಮ್ಯಾಡಂ ಇಲ್ಲಿ ಬಂದ್ರ ಅಲ್ಲಿ ಜಾಗ ಖಾಲಿ ಆತಲ್ರಿ! ಮ್ಯಾಡಂಗ ಕೇಳ್ದೆ. ಟ್ರೇನಿ ಅಂತ ಬಾ, ಜೋಡಿಗಿ ಎಂ.ಎ. ಮಾಡು ಅಂದಾರ. ನಾ ನಿಮ್ಮ ಕೈ ಕೆಳಗೇ ಕಲೀಬೇಕ್ರಿ ಸರ್. ನೀವು ಅವತ್ತ ಏನೂ ಹೇಳ್ಲಿಲ್ಲ ನೋಡ್ರಿ, ಬರೇ ಕೇಳ್ಕೊಂಡ್ರಿ. ಹಂಗ ಕೇಳೋದು ನನಗೂ ಕಲೀಬೇಕ್ರಿ."

"ಸರ, ನೀವರೆ ಸ್ವಲ್ಪ ತಿಳಿಸಿ ಹೇಳ್ರಿ," ಎಂದರು ಅವ್ವಣ್ಣ ದೀನವಾಗಿ. "ಇದು ಕೆಟ್ಟ ಕೆಲ್ಸ, ಬ್ಯಾಡ ಅಂತ. ನಿಮಗಿಂತ ಛಲೋ ಯಾರಿಗಿ ಗೊತ್ತದ?"

ಅಭಿಲಾಷ ಹೇಳಬೇಕೆಂದೇ ಬಾಯಿ ತೆರೆದ. ಒಂದು ವಾರದಿಂದ ಹೇಳಲು ಕಾದಿದ್ದ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು. ಆರತಿ ಎರಡು ಕೈಯಲ್ಲೂ ಚೀಲದ ಪಟ್ಟಿ ಹಿಡಿದುಕೊಂಡು, ಮೊದಲ ದಿನ ಶಾಲೆಗೆ ಹೊರಟ ಮಗುವಿನಂತೆ ಅವನ ಮುಖವನ್ನೇ ನೋಡುತ್ತಿದ್ದಳು.

"ನಾಳೆ ಎಷ್ಟಕ್ಕ ಬರ್ಲ್ರಿ ಸರ್?"

"ಬೆಳಿಗ್ಗೆ ಬೇಗ ಬಾ," ಎಂದ ಅಭಿಲಾಷ. "ರಿಸಲ್ಟು ನಾಳೆ. ಬಾಗಿಲು ತೆಗೆಯೋ ಮುಂಚೆನೇ ಮೆಟ್ಟಿಲ ಮೇಲೆ ನಿಂತಿರ್ತಾರೆ."